ಹತ್ತು ಎಂದು ಬರೆದದ್ದು

ಮಾರ್ಚ್ 5, ಮಂಗಳವಾರ

ಇವತ್ತು ಮಾಸ್ಕ್ ಪರೀಕ್ಷೆ. ಬೆನ್ನ ಹಿಂದೆ ನನ್ನನ್ನು 'ಮೂತಿ ಪೊಲೀಸ್' ಅನ್ನುತ್ತಾರೆಂದು ನನಗೆ ಗೊತ್ತಿದೆ. ಅನ್ನಲಿ. ಆಸ್ಪತ್ರೆಯಲ್ಲಿ ಸೋಂಕು ತಡೆಯುವ ಸಿಸ್ಟರ್ ಆದಮೇಲೆ ಜನರ ಪ್ರೀತಿ ಬಯಸಬಾರದು. ಮುಚ್ಚಿದ ಕಿಟಕಿ ತೆರೆಸಬೇಕು, ತೆರೆದ ಬಾಗಿಲು ಮುಚ್ಚಿಸಬೇಕು, ಗಲ್ಲಕ್ಕೆ ಜಾರಿದ ಮಾಸ್ಕನ್ನು ಮೂಗಿಗೆ ಏರಿಸಬೇಕು. ಕಣ್ಣಿಗೆ ಕಾಣದ ಗಾಳಿಯ ಬೆನ್ನು ಹತ್ತಿ ಹದಿನೆಂಟು ವರ್ಷವಾಯಿತು.

ಪರೀಕ್ಷೆ ಅಂಥ ದೊಡ್ಡ ವಿದ್ಯೆಯೇನಲ್ಲ. ತಲೆಗೆ ಪ್ಲಾಸ್ಟಿಕ್ಕಿನ ಮುಸುಕು ಹಾಕಿ, ಅದರೊಳಗೆ ಕಹಿ ನೀರನ್ನು ಪಂಪಿನಿಂದ ಮಂಜಿನ ಹಾಗೆ ಬಿಡುತ್ತೇವೆ. ಮೊದಲನೇ ಹಂತ ಮಾಸ್ಕ್ ಇಲ್ಲದೆ. ಎಷ್ಟು ಪಂಪಿಗೆ ನಾಲಗೆಗೆ ಕಹಿ ಗೊತ್ತಾಯಿತೆಂದು ಬರೆದುಕೊಳ್ಳುವುದು. ಎರಡನೇ ಹಂತ ಮಾಸ್ಕ್ ಹಾಕಿಕೊಂಡು. ಆಗಲೂ ಕಹಿ ಬಂದರೆ ಮಾಸ್ಕ್ ಎಲ್ಲೋ ಸೋರುತ್ತಿದೆ, ಬೇರೆ ಅಳತೆಯದು ಕೊಡಬೇಕು. ಬರದಿದ್ದರೆ ಪಾಸು.

ಎರಡೂವರೆಯಾದರೂ ಐದು ಜನ ಬಾಕಿ. ಮೂರಕ್ಕೆ ದೊಡ್ಡ ಸಿಸ್ಟರ್ ಕರೆದ ಸಭೆ. ತಡವಾಗಿ ಹೋದವರನ್ನು ಅವರು ಎಲ್ಲರೆದುರು ನಿಲ್ಲಿಸಿ ಮಾತಾಡಿಸುತ್ತಾರೆ. ಐದೂ ಜನಕ್ಕೆ ಮೊದಲನೇ ಹಂತ ಬಿಟ್ಟು ನೇರವಾಗಿ ಮಾಸ್ಕ್ ಹಾಕಿಸಿದೆ. ಫಾರಂನಲ್ಲಿ ಜಾಗ ಖಾಲಿ ಬಿಟ್ಟರೆ ಕೇಳುತ್ತಾರೆ, ಹಾಗಾಗಿ ಐವರಿಗೂ 'ಹತ್ತು' ಎಂದು ಬರೆದೆ. ಮುಕ್ಕಾಲುಪಾಲು ಜನಕ್ಕೆ ಹತ್ತರೊಳಗೆ ಕಹಿ ತಿಳಿದೇ ತಿಳಿಯುತ್ತದೆ.

ಕೊನೆಯವಳು ಸೋಂಕಿನ ರೋಗಿಗಳ ಪ್ರತ್ಯೇಕ ಕೋಣೆಗಳ ಕಡೆಗೆ ಹೊಸದಾಗಿ ಹಾಕಿರುವ ಆಯಾ. ಬಾಯಿಗೆ ಬಿಡುವೇ ಇಲ್ಲದ ಹೆಂಗಸು. ಎಲ್ಲರೂ ರೇಡಿಯೋ ಎಂದು ಕರೆಯುತ್ತಾರೆ, ಅವಳು ಓಗೊಡುತ್ತಾಳೆ ಕೂಡ. ಪರೀಕ್ಷೆಯ ನಡುವೆ ಒಂದು ನಿಮಿಷ ಜೋರಾಗಿ ಮಾತಾಡಬೇಕು, ದವಡೆ ಆಡಿದಾಗ ಮಾಸ್ಕ್ ಸಡಿಲವಾಗುತ್ತದೆಯೇ ಎಂದು ನೋಡಲು. ಬೇರೆಯವರು ಏನು ಮಾತಾಡುವುದೆಂದು ತಡವರಿಸುತ್ತಾರೆ. ಇವಳು ಎಂಟು ತಿಂಗಳ ಮೊಮ್ಮಗಳಿಗೆ ಹಲ್ಲು ಬಂದ ಕಥೆ ಶುರುಮಾಡಿದಳು. ನಿಮಿಷ ಮುಗಿಯಿತು, ಕಥೆ ಮುಗಿಯಲಿಲ್ಲ.

"ಕಹಿ ಬಂತಾ?"

"ಏನೂ ಇಲ್ಲ ಸಿಸ್ಟರಮ್ಮ. ಇನ್ನೂ ಎರಡನೇ ಹಲ್ಲಿನ ವಿಷಯ ಹೇಳಿಲ್ಲ ನಿಮಗೆ."

ಪಾಸು ಮಾಡಿ ಓಡಿದೆ. ಸಭೆ ಶುರುವಾದದ್ದು ಮೂರೂಮುಕ್ಕಾಲಿಗೆ.

ಮಾರ್ಚ್ 9, ಶನಿವಾರ

ಒಂಬತ್ತನೇ ಕೋಣೆಗೆ ಒಬ್ಬ ದರ್ಜಿ ಬಂದಿದ್ದಾರೆ. ಮೂರು ತಿಂಗಳು ಕೆಮ್ಮುತ್ತಲೇ ಬಟ್ಟೆ ಹೊಲಿದು, ಕೊನೆಗೆ ಕ್ಷಯ ಎಂದು ಗೊತ್ತಾಗಿದೆ. ಕಫದ ತುಂಬ ರೋಗಾಣು. ಔಷಧಿ ಹಿಡಿಯುವವರೆಗೆ ಅವರು ಹೊರಗೆ ಬರುವಂತಿಲ್ಲ. ಬಾಗಿಲ ಸಂದಿಗೆ ಟಿಶ್ಯೂ ಕಾಗದದ ಪಟ್ಟಿ ಹಿಡಿದು ನೋಡಿದೆ, ಒಳಕ್ಕೆ ಎಳೆಯಿತು. ಫ್ಯಾನು ಸರಿಯಾಗಿದೆ. ಅವರ ಉಸಿರು ಕಾರಿಡಾರಿಗೆ ಬರದೆ ಮೇಲಿನ ಕೊಳವೆಯಿಂದಲೇ ಹೋಗುತ್ತಿದೆ.

ಗಾಜಿನಿಂದ ಇಣುಕಿದರೆ ರೇಡಿಯೋ ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತಿದ್ದಾಳೆ! ಹೊರಗೆ ಕರೆದು ಗದರಿದೆ.

"ಊಟ ಇಟ್ಟು ಬರೋಕೆ ಅರ್ಧ ಗಂಟೆ ಬೇಕಾ ನಿಂಗೆ?"

"ಆ ಮನುಷ್ಯ ಗೋಡೆ ಜೊತೆ ಮಾತಾಡ್ತಾ ಕೂತಿದ್ರು ಸಿಸ್ಟರಮ್ಮ. ಗೋಡೆ ತಿರುಗಿ ಮಾತಾಡುತ್ತಾ? ಅಲ್ಲದೆ ನಂಗೆ ಮಾಸ್ಕ್ ಇದೆಯಲ್ಲ, ನೀವೇ ಪಾಸ್ ಮಾಡಿದ್ದು."

ಅದೂ ನಿಜವೇ. ಆದರೂ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರಬೇಡ ಎಂದೆ. ತಲೆಯಾಡಿಸಿದಳು. ಕೇಳುವ ಜಾತಿಯಲ್ಲ ಅದು.

ಮಾರ್ಚ್ 10, ಭಾನುವಾರ

ರಜೆ. ಬಟ್ಟೆ ಒಗೆದೆ. ತಮ್ಮ ಫೋನು ಮಾಡಿ ವಾರವಾರದ ಹಾಗೆ "ಏನಕ್ಕ, ಆರಾಮಾ?" ಎಂದ. ಆರಾಮ ಎಂದೆ. ಒಬ್ಬಳೇ ಇರುವುದರಲ್ಲಿ ಅನುಕೂಲವಿದೆ, ಇಟ್ಟ ವಸ್ತು ಇಟ್ಟಲ್ಲೇ ಇರುತ್ತದೆ. ಅವನ ಫೋನಿನ ನಂತರ ಬಾಯಿಯಿಂದ ಒಂದು ಮಾತೂ ಹೊರಟಿಲ್ಲವೆಂದು ಸಂಜೆ ದೀಪ ಹಾಕುವಾಗ ಗಮನಕ್ಕೆ ಬಂತು.

ಮಾರ್ಚ್ 21, ಗುರುವಾರ

ಇವತ್ತಿನದನ್ನು ಬಿಡದೆ ಬರೆಯಬೇಕು.

ಮಧ್ಯಾಹ್ನ ನರ್ಸುಗಳ ಕೋಣೆಯಲ್ಲಿ ಯಾರೋ ಸೌತೆಕಾಯಿ ಹೆಚ್ಚಿ ತಟ್ಟೆಯಲ್ಲಿಟ್ಟಿದ್ದರು. ನಾನೂ ಒಂದು ಹೋಳು ಬಾಯಿಗೆ ಹಾಕಿಕೊಂಡೆ. ಅಬ್ಬಾ, ಅಂಥ ಕಹಿ ನಾನು ತಿಂದೇ ಇಲ್ಲ. ಎಲ್ಲರೂ ಉಗಿಯಲು ಸಿಂಕಿನ ಕಡೆ ಓಡಿದರು, ಒಬ್ಬಳು ನೀರು, ನೀರು ಎಂದು ಕುಣಿದಳು. ಬಾಯಿ ತೊಳೆದು ತಿರುಗಿ ನೋಡಿದರೆ ರೇಡಿಯೋ ಮೇಜಿನ ಮುಂದೆ ಕೂತು ನಾಲ್ಕನೆಯದೋ ಐದನೆಯದೋ ಹೋಳು ಕರಕರ ಅಗಿಯುತ್ತ, ದರ್ಜಿ ತನ್ನ ಮೊಮ್ಮಗಳಿಗೆ ಅಂಗಿ ಹೊಲಿದುಕೊಡುತ್ತೇನೆಂದ ಕಥೆ ಹೇಳುತ್ತಿದ್ದಳು.

ಅವಳನ್ನು ಪಕ್ಕಕ್ಕೆ ಕರೆದೆ.

"ಕಹಿ ಇಲ್ವಾ ಅದು?"

"ಇದೆಯಂತಲ್ಲ, ಎಲ್ರೂ ಹಾಗೆ ಓಡಿದ್ರು," ಎಂದು ನಕ್ಕಳು. "ನಂಗೆ ಕಹಿ ಗೊತ್ತಾಗಲ್ಲ ಸಿಸ್ಟರಮ್ಮ. ನಾಕು ವರ್ಷದ ಹಿಂದೆ ಒಂದು ಕೆಟ್ಟ ಜ್ವರ ಬಂದಿತ್ತು, ಅದು ಹೋಗ್ತಾ ಕಹೀನೂ ತಗೊಂಡು ಹೋಯ್ತು."

"ಪರೀಕ್ಷೆ ದಿನ ಯಾಕೆ ಹೇಳ್ಲಿಲ್ಲ?"

"ಕಹಿ ಬಂದ್ರೆ ಹೇಳು ಅಂದ್ರಿ. ಬರ್ಲಿಲ್ಲ, ಹೇಳ್ಲಿಲ್ಲ."

ಮೊದಲನೇ ಹಂತ ಇರುವುದೇ ಇಂಥವರನ್ನು ಹಿಡಿಯಲು. ಮಾಸ್ಕ್ ಇಲ್ಲದೆಯೂ ಕಹಿ ತಿಳಿಯದವರಿಗೆ ಮಾಸ್ಕ್ ಸೋರಿದರೂ ತಿಳಿಯುವುದಿಲ್ಲ. ಅಷ್ಟು ಸಣ್ಣ ಮಾತು. ಹೊಸದಾಗಿ ಸೇರಿದ ನರ್ಸುಗಳಿಗೆ ಇದನ್ನು ಪಾಠ ಹೇಳುವವಳು ನಾನು.

ಒಂಬತ್ತನೇ ತಾರೀಖಿನಿಂದ ಇವತ್ತಿನವರೆಗೆ ಅವಳು ದಿನವೂ ಆ ಕೋಣೆಯಲ್ಲಿ ಕೂತಿದ್ದಾಳೆ.

ಮಾರ್ಚ್ 22, ಶುಕ್ರವಾರ

ಪಕ್ಕದ ಆಸ್ಪತ್ರೆಯಿಂದ ಗಾಳಿಯ ಕಣ ಎಣಿಸುವ ಯಂತ್ರ ಎರವಲು ತಂದು ಅವಳ ಮಾಸ್ಕ್ ಪರೀಕ್ಷಿಸಿದೆ. ಇದಕ್ಕೆ ನಾಲಗೆಯ ಹಂಗಿಲ್ಲ. ಮಾಸ್ಕಿನೊಳಗಿನ ಗಾಳಿ ಹೊರಗಿನದಕ್ಕಿಂತ ಕನಿಷ್ಠ ನೂರು ಪಟ್ಟು ಶುದ್ಧವಿರಬೇಕು. ಅವಳಿಗೆ ಬಂದದ್ದು ಹದಿನಾಲ್ಕು. ಸಣ್ಣ ಮುಖ, ಎರಡೂ ಕೆನ್ನೆಯ ಹತ್ತಿರ ಸೋರುತ್ತಿದೆ. ಸಣ್ಣ ಅಳತೆಯದು ಹಾಕಿಸಿದರೆ ಸರಾಗವಾಗಿ ಪಾಸು.

ಅವಳಿಗೆ ಕಹಿ ತಿಳಿಯದೆಂಬುದನ್ನೂ ಈ ಅಂಕೆಯನ್ನೂ ಹೇಳಿದಾಗ ದೊಡ್ಡ ಸಿಸ್ಟರ್ ಫಾರಂ ತರಿಸಿ ನೋಡಿದರು. ಅವಳನ್ನೂ ಕರೆಸಿದರು.

"ಮೊದಲನೇ ಹಂತದಲ್ಲಿ ಹತ್ತು ಪಂಪಿಗೆ ಕಹಿ ಬಂತು ಅಂತ ಇದೆ. ಕಹಿ ಗೊತ್ತಾಗದೋಳು ಹೇಗೆ ಬಂತು ಅಂದೆ? ಕೆಲಸ ಹೋಗುತ್ತೆ ಅಂತ ಸುಳ್ಳು ಹೇಳಿದ್ಯಾ?"

ರೇಡಿಯೋಗೆ ಹಂತವೂ ಗೊತ್ತಿಲ್ಲ, ಪಂಪಿನ ಲೆಕ್ಕವೂ ಗೊತ್ತಿಲ್ಲ. ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. "ತಪ್ಪಾಯ್ತು ಮೇಡಂ," ಎಂದಳು.

ನಾನು ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಫಾರಂ ಮಡಿಸಿ ಫೈಲಿಗೆ ಸೇರಿಸಿದೆ.

ಫೆಬ್ರವರಿಯಲ್ಲಿ ಕೆಲಸಕ್ಕೆ ಸೇರಿದಾಗ ಅವಳ ರಕ್ತ ಶುದ್ಧವಿತ್ತು. ಕ್ಷಯದ ರೋಗಾಣು ಮೈ ಹೊಕ್ಕಿದ್ದರೂ ರಕ್ತದಲ್ಲಿ ಗುರುತು ಕಾಣಲು ಎಂಟು ವಾರ ಬೇಕು. ಮೇ ಹದಿನಾರಕ್ಕೆ ಮತ್ತೆ ರಕ್ತ ತೆಗೆಯುವುದು. ಅಲ್ಲಿಯವರೆಗೆ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ.

ಮಾರ್ಚ್ 23, ಶನಿವಾರ

ಉಳಿದ ನಾಲ್ವರನ್ನು, ಯಂತ್ರ ಹೇಗೂ ಇದೆ ಬನ್ನಿ ಎಂದು ಕರೆದು ಪರೀಕ್ಷಿಸಿದೆ. ನಾಲ್ವರೂ ಪಾಸು. ಸೋರಿದ್ದು ಅವಳೊಬ್ಬಳದೇ. ಇನ್ನು ನಾನು ಬಾಯಿ ಬಿಡದಿದ್ದರೂ ಬೇರೆ ಯಾರಿಗೂ ಅಪಾಯವಿಲ್ಲ. ಇದರಿಂದ ನೆಮ್ಮದಿ ಬಂತೆಂದು ಬರೆದರೆ ಅದೂ ಇನ್ನೊಂದು ಸುಳ್ಳು 'ಹತ್ತು' ಆಗುತ್ತದೆ.

ಮಾರ್ಚ್ 26, ಮಂಗಳವಾರ

ಸಂಜೆ ಬಟ್ಟೆ ವಿಭಾಗದಲ್ಲಿ, ಒಗೆದ ಹಾಸಿಗೆ ಹೊದಿಕೆಗಳ ಮೂಟೆಯ ಮೇಲೆ ರೇಡಿಯೋ ಕೂತಿದ್ದಳು. ಕಾಲ ಬಳಿ ಒಂದು ಚೀಲ. ಎರಡು ದಿನದಿಂದ ಅಲ್ಲೇ ಮಲಗುತ್ತಿದ್ದಾಳಂತೆ.

ಅವಳಿರುವುದು ಮಗಳು ಅಳಿಯನ ಮನೆಯಲ್ಲಿ. ಮಗಳು ಬೆಳಗಿನ ಪಾಳಿಯ ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಂಡು, ಮಧ್ಯಾಹ್ನ ಮಗಳು ಬಂದಮೇಲೆ ಇವಳು ಆಸ್ಪತ್ರೆಗೆ ಬರುವುದು. ಇಲ್ಲಿ ನಡೆದದ್ದನ್ನು ಯಾರೋ ಮಗಳ ಕಿವಿಗೆ ಹಾಕಿದ್ದಾರೆ. ಪರೀಕ್ಷೆ ಆಗೋವರೆಗೆ ಮಗೂನ ಮುಟ್ಟಬೇಡ ಅಮ್ಮ ಎಂದಳಂತೆ. ಇರುವುದು ಒಂದೇ ಕೋಣೆ. ಮುಟ್ಟದೆ ಇರುವುದೆಂದರೆ ಮನೆ ಬಿಡುವುದೇ.

ನಾನೇ ಮಗಳಿಗೆ ಫೋನು ಮಾಡಿದೆ. "ಕೆಮ್ಮಿಲ್ಲ, ಜ್ವರ ಇಲ್ಲ, ಎಕ್ಸ್‌ರೇ ಚೆನ್ನಾಗಿದೆ. ಹೀಗಿರೋರಿಂದ ಯಾರಿಗೂ ಹರಡಲ್ಲಮ್ಮ. ನಿಮ್ಮಮ್ಮ ಮಗೂನ ಧಾರಾಳವಾಗಿ ಎತ್ಕೋಬಹುದು," ಎಂದೆ.

"ಹಾಗಂತ ಬರೆದು ಸೈನ್ ಹಾಕಿ ಕೊಡ್ತೀರಾ?" ಎಂದಳು.

ಕೊಡಬಹುದಿತ್ತು. ಹೇಳಿದ್ದೆಲ್ಲ ಸತ್ಯ, ಪುಸ್ತಕದಲ್ಲಿರುವುದೇ. ಆದರೆ ನನ್ನ ಸಹಿ ಇರುವ ಆ ಫಾರಂ ಕಣ್ಣ ಮುಂದೆ ಬಂತು. "ದೊಡ್ಡ ಡಾಕ್ಟರನ್ನ ಕೇಳಿ ಹೇಳ್ತೀನಿ," ಎಂದೆ. ಅಷ್ಟರಲ್ಲೇ ಮಗಳಿಗೆ ಅರ್ಥವಾಗಿಹೋಯಿತು. ಬೇಡ ಬಿಡಿ ಎಂದು ಫೋನಿಟ್ಟಳು.

"ಚೀಲ ತಗೋ. ನನ್ನ ಮನೇಲಿ ಒಂದು ಕೋಣೆ ಖಾಲಿ ಇದೆ," ಎಂದುಬಿಟ್ಟೆ. ಈಗ ಅವಳು ಪಕ್ಕದ ಕೋಣೆಯಲ್ಲಿದ್ದಾಳೆ. ಗೋಡೆಯಾಚೆಯಿಂದಲೂ ಮಾತಾಡುತ್ತಿದ್ದಾಳೆ.

ಏಪ್ರಿಲ್ 1, ಸೋಮವಾರ

ತಲೆ ಚಿಟ್ಟುಹಿಡಿಯುತ್ತಿದೆ. ಬೆಳಗ್ಗೆ ಕಣ್ಣು ಬಿಡುವ ಮೊದಲೇ ಶುರು. ಹಾಲಿನವನ ಸೈಕಲ್ಲು, ಕೆಳಗಿನ ಮನೆಯವರ ಜಗಳ, ಬಟ್ಟೆ ವಿಭಾಗದ ಮೇಸ್ತ್ರಿಯ ಮಂಡಿನೋವು. ಸಕ್ಕರೆ ಡಬ್ಬಿ ಇದ್ದಲ್ಲಿಲ್ಲ. ಟವೆಲು ಇದ್ದಲ್ಲಿಲ್ಲ. ನಾನು ಕಿಟಕಿ ತೆರೆದರೆ ಅವಳು ಮುಚ್ಚುತ್ತಾಳೆ.

"ಗಾಳಿ ಆಡ್ಬೇಕು, ತೆಗಿ."

"ಸೊಳ್ಳೇನೂ ಆಡುತ್ತಲ್ಲ ಸಿಸ್ಟರಮ್ಮ."

ಎಂಟು ವಾರ ಎಂದರೆ ಐವತ್ತಾರು ದಿನ. ಹಲ್ಲು ಕಚ್ಚಿ ಕಳೆಯಬೇಕು.

ಏಪ್ರಿಲ್ 7, ಭಾನುವಾರ

ಅವಳು ಅಡುಗೆ ಮಾಡಿದಳು. ರುಚಿ ನೋಡುವ ಕೆಲಸ ನನ್ನದು. ಉಪ್ಪು ಸಾಕಾ, ಹುಳಿ ಸಾಕಾ ಎಂದು ಹತ್ತು ಸಲ ಸೌಟು ಹಿಡಿದು ಬಂದಳು. ಮಗಳ ಮನೆಯಲ್ಲಿ ಮಗಳು ನೋಡುತ್ತಿದ್ದಳಂತೆ. "ಕಹಿ ಆಗಿದ್ರೆ ಹೇಳಿ, ಮುಚ್ಚಿಡ್ಬೇಡಿ," ಎಂದಳು. ಸೌಟು ಅವಳ ಕೈಗೆ ಕೊಟ್ಟು ತಟ್ಟೆ ತರಲು ಹೋದೆ.

ಮಧ್ಯಾಹ್ನ ಆಸ್ಪತ್ರೆಗೆ ಹೋಗಿ ಕಾಯುವ ಹಾಲಿನ ಕಿಟಕಿಗಳು ತೆರೆದಿವೆಯೇ ನೋಡಿಕೊಂಡು ಬರೋಣವೆಂದಿದ್ದೆ. ಹೋಗಲಿಲ್ಲ. ನಾವು ಅಂಗಳದ ಕಲ್ಲಿನ ಮೇಲೆ ಕೂತು ಕಡಲೆಕಾಯಿ ಬಿಡಿಸಿದೆವು.

ಏಪ್ರಿಲ್ 12, ಶುಕ್ರವಾರ

ದರ್ಜಿಯ ಕಫ ಶುದ್ಧವಾಗಿದೆ. ಇವತ್ತು ಮನೆಗೆ ಹೋದರು. ಹೋಗುವಾಗ, ದಿನಾ ಮಾತಾಡಿಸ್ತಿದ್ದ ಆ ತಾಯಿ ಎಲ್ಲಿ, ಕಾಣೋದೇ ಇಲ್ಲ ಎಂದು ಕೇಳಿದರು. ಬೇರೆ ಕಡೆ ಹಾಕಿದ್ದಾರೆ ಎಂದೆ. "ಕೆಮ್ಮು ಶುರುವಾದಾಗಿಂದ ನನ್ನ ಹತ್ರ ಕೂತವ್ರು ಅವ್ರೊಬ್ರೇ ಸಿಸ್ಟರ್," ಎಂದರು. ಮನೆಗೆ ಬಂದು ಅವಳಿಗೆ ಹೇಳಿದೆ. ಖುಷಿಪಟ್ಟಳು. ಆಮೇಲೆ ಬಹಳ ಹೊತ್ತು ತಟ್ಟೆ ತೊಳೆಯುತ್ತ ನಿಂತಿದ್ದಳು.

ಏಪ್ರಿಲ್ 19, ಶುಕ್ರವಾರ

ಇವತ್ತು ಮೊದಲ ಬಾರಿಗೆ ಅವಳು ಅತ್ತದ್ದನ್ನು ನೋಡಿದೆ. ಮಗು ತೆವಳಲು ಶುರುಮಾಡಿದೆಯೆಂದು ಮಗಳು ಫೋನಿನಲ್ಲಿ ವಿಡಿಯೋ ಕಳಿಸಿದ್ದಾಳೆ. ಅದನ್ನೇ ನೋಡಿದಳು, ಮತ್ತೆ ನೋಡಿದಳು. ನನಗೂ ತೋರಿಸಿದಳು. ಮಗು ಒಂದು ಚಪ್ಪಲಿಯ ಹಿಂದೆ ಹೊರಟಿದೆ. ಚಪ್ಪಲಿ ಅಜ್ಜಿಯದಂತೆ.

"ಅಕ್ಕ," ಎಂದಳು. ಈಚೆಗೆ ಹಾಗೆ ಕರೆಯುತ್ತಾಳೆ, ನಾನು ಬೇಡವೆಂದಿಲ್ಲ. "ಅಕ್ಕ, ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಅವತ್ತು ನನ್ನಿಂದ ನಿಮ್ಮ ಹೆಸರು ಕೆಟ್ಟೋಯ್ತಲ್ಲ. ಅಷ್ಟು ವರ್ಷದ ಸರ್ವೀಸು ನಿಮ್ದು. ನಾನು ಬಾಯಿ ಬಿಟ್ಟು ಕಹಿ ಗೊತ್ತಾಗಲ್ಲ ಅಂತ ಒಂದು ಮಾತು ಅಂದಿದ್ರೆ ಇದೆಲ್ಲ ಇರ್ತಿತ್ತಾ? ಊರಿನ ಮಾತೆಲ್ಲ ಆಡ್ತೀನಿ, ಆಡ್ಬೇಕಾದ್ದು ಆಡ್ಲಿಲ್ಲ. ಕ್ಷಮಿಸಿ."

ಅವಳು ನನ್ನಲ್ಲಿ ಕ್ಷಮೆ ಕೇಳುತ್ತಿದ್ದಾಳೆ! ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೇಳಬೇಕೆಂದು ನಾಲಗೆ ತುದಿಗೆ ತಂದೆ. ಹೇಳಿದರೆ ಚೀಲ ಎತ್ತಿಕೊಂಡು ಹೊರಡುತ್ತಾಳೆ. ಎಲ್ಲಿಗೆ? ಮತ್ತೆ ಆ ಮೂಟೆಯ ಮೇಲಕ್ಕೆ. ಅವಳ ಸಲುವಾಗಿಯೇ ಸುಮ್ಮನಿದ್ದೇನೆಂದು ಸಮಾಧಾನ ಮಾಡಿಕೊಂಡೆ.

"ಆಗಿದ್ದು ಆಯ್ತು, ಹೋಗಿ ಮುಖ ತೊಳ್ಕೋ," ಎಂದೆ.

ಮೇ 5, ಭಾನುವಾರ

ತಮ್ಮ ಫೋನು ಮಾಡಿದಾಗ ರೇಡಿಯೋ ದೊಡ್ಡ ಸಿಸ್ಟರ್ ಸಭೆ ನಡೆಸುವ ರೀತಿ ಮಾಡಿ ತೋರಿಸುತ್ತಿದ್ದಳು. ಪೊರಕೆಯೇ ಮೈಕು.

"ಯಾರಕ್ಕ ಅದು ಹಾಗೆ ನಗ್ತಿರೋದು?" ಎಂದ.

"ಯಾರೂ ಇಲ್ಲ, ನಾನೇ."

"ನೀನಾ?" ಎಂದು ಮತ್ತೆ ಕೇಳಿದ. ಅವನಿಗೆ ಈಚೆಗೆ ಕಿವಿ ಮಂದವಾಗಿರಬೇಕು, ಅಕ್ಕನ ಧ್ವನಿಯೂ ಗೊತ್ತಾಗುವುದಿಲ್ಲ. ಮುಕ್ಕಾಲು ಗಂಟೆ ಮಾತಾಡಿದ.

ಮೇ 16, ಗುರುವಾರ

ಅವಳ ರಕ್ತ ನಾನೇ ತೆಗೆದೆ. ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಹೆಸರು, ತಾರೀಖು, ಹೊತ್ತು ಎಲ್ಲವನ್ನೂ ಮೂರು ಸಲ ಓದಿ ಬರೆದೆ. "ಇಷ್ಟೊಂದು ಯಾಕೆ ನೋಡ್ತೀರ ಅಕ್ಕ, ನಂದೇ ಕೈ, ನಂದೇ ರಕ್ತ," ಎಂದಳು.

ಏನೂ ಇರಬಾರದು. ಏನೂ ಇಲ್ಲದಿದ್ದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಅವಳು ನಗುತ್ತ ಮಗಳ ಮನೆಗೆ ಹೋಗುತ್ತಾಳೆ, ಭಾನುವಾರ ಮಗುವನ್ನು ಕರೆದುಕೊಂಡು ಇಲ್ಲಿಗೆ ಬರುತ್ತಾಳೆ. ಅವಳ ಕೋಣೆಯ ಕಿಟಕಿಗೆ ಸೊಳ್ಳೆ ಪರದೆ ಹಾಕಿಸಬೇಕೆಂದಿದ್ದೇನೆ. ಯಾಕೋ ಗೊತ್ತಿಲ್ಲ, ಅವಳು ಹೇಗೂ ಹೊರಡುವವಳು.

ಮೇ 20, ಸೋಮವಾರ

ಪಾಸಿಟಿವ್.

ಲ್ಯಾಬಿನವರು ಕಾಗದ ಕೊಟ್ಟಾಗ ಮಧ್ಯಾಹ್ನ ಹನ್ನೆರಡು. ಓದಿ ಜೇಬಿನಲ್ಲಿಟ್ಟುಕೊಂಡು, ಮೂರನೇ ವಾರ್ಡಿನ ಕಿಟಕಿಗಳನ್ನೆಲ್ಲ ನೋಡಿ ಬಂದೆ. ತೆರೆದೇ ಇದ್ದವು.

ಸಂಜೆ ಮನೆಯಲ್ಲಿ ಹೇಳಿದೆ. ರೋಗಾಣು ಮೈಯೊಳಗೆ ಬಂದು ಮಲಗಿದೆ, ರೋಗ ಬಂದಿಲ್ಲ. ಮಲಗಿರುವವರೆಗೆ ಯಾರಿಗೂ ಹರಡುವುದಿಲ್ಲ. ಅದು ಏಳದಂತೆ ವಾರಕ್ಕೊಮ್ಮೆ ಹನ್ನೆರಡು ವಾರ ಮಾತ್ರೆ ನುಂಗಬೇಕು. ಅವಳು ಕೇಳಿಸಿಕೊಂಡಳು. "ಮಗೂನ ಎತ್ಕೋಬಹುದಾ?" ಎಂಬುದೊಂದೇ ಅವಳ ಪ್ರಶ್ನೆ. ಎತ್ತಿಕೊಳ್ಳಬಹುದು ಎಂದೆ. ಮೊದಲೂ ಎತ್ತಿಕೊಳ್ಳಬಹುದಿತ್ತು ಎಂದು ಹೇಳಲಿಲ್ಲ.

ಅವಳು ಮಗಳಿಗೆ ಫೋನು ಮಾಡಿದಳು. ಆ ಕಡೆಯಿಂದ ಮಗಳು ಅಳುತ್ತ ಕೂಗಾಡುವುದು ನನಗೂ ಕೇಳುತ್ತಿತ್ತು. ಆಸ್ಪತ್ರೆಯವರನ್ನು ಬಿಡುವುದಿಲ್ಲ, ಮಾಸ್ಕ್ ಕೊಟ್ಟ ಆ ಸಿಸ್ಟರನ್ನು ಬಿಡುವುದಿಲ್ಲ ಎನ್ನುತ್ತಿದ್ದಳು.

"ಸಿಸ್ಟರನ್ನ ಏನೂ ಅನ್ಬೇಡ," ಎಂದಳು ಇವಳು. "ತಪ್ಪೆಲ್ಲ ನಂದೇ ಕಣೆ. ಸುಳ್ಳು ಹೇಳಿ ಪಾಸಾಗಿದ್ದು ನಾನು. ನೀನೇ ಬಾಗಿಲು ಹಾಕ್ದಾಗ ಒಳಗೆ ಕರ್ಕೊಂಡಿದ್ದು ಅವ್ರು. ಒಡಹುಟ್ಟಿದೋರೂ ಹೀಗೆ ನೋಡ್ಕೊಳ್ಳಲ್ಲ..."

ಆ ಮಾತು ಮುಗಿಯುವವರೆಗೆ ನನ್ನಿಂದ ನಿಲ್ಲಲಾಗಲಿಲ್ಲ. ಅವಳ ಕೈಯಿಂದ ಫೋನು ತೆಗೆದುಕೊಂಡೆ.

"ನಾನು ಆ ಸಿಸ್ಟರು. ನಿಮ್ಮಮ್ಮ ಸುಳ್ಳು ಹೇಳಿಲ್ಲ. ಎರಡು ಹಂತದ ಪರೀಕ್ಷೆ ಅದು. ಮೊದಲನೇದು ನಾನು ಮಾಡ್ಲೇ ಇಲ್ಲ. ಸಭೆಗೆ ಹೊತ್ತಾಗುತ್ತೆ ಅಂತ ಬಿಟ್ಟೆ. ಮಾಡಿದೀನಿ ಅಂತ ಹತ್ತು ಅಂತ ಬರ್ದೆ. ಮಾಡಿದ್ರೆ ಅವತ್ತೇ ಗೊತ್ತಾಗ್ತಿತ್ತು. ದೊಡ್ಡ ಸಿಸ್ಟರ್ ಅವಳನ್ನ ಸುಳ್ಳುಗಾತಿ ಅಂದಾಗ ನಾನು ಅಲ್ಲೇ ನಿಂತಿದ್ದೆ, ಸುಮ್ನಿದ್ದೆ."

ಇದನ್ನು ಹೇಳುವಾಗ ನಾನು ಗೋಡೆ ನೋಡುತ್ತಿದ್ದೆ. ಮಗಳು ಏನೆಂದಳೋ ನೆನಪಿಲ್ಲ. ಫೋನು ಕೆಳಗಿಟ್ಟು ತಿರುಗಿದೆ. ಅವಳು ಒಲೆ ಆರಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ಕುರ್ಚಿಯ ಮೇಲೆ ಕೂತಿದ್ದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಯಾವತ್ತಿಂದ ಗೊತ್ತು ನಿಮಗೆ?"

"ಸೌತೆಕಾಯಿ ತಿಂದೆಯಲ್ಲ, ಆ ದಿನದಿಂದ."

ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಗೋಡೆಯಾಚೆಯಿಂದ ಏನೂ ಕೇಳುತ್ತಿಲ್ಲ.

ಮೇ 21, ಮಂಗಳವಾರ

ಬೆಳಗ್ಗೆ ಎಂಟಕ್ಕೆ ಮಗಳು ಬಂದಳು. ಮೆಟ್ಟಿಲು ಹತ್ತಲಿಲ್ಲ, ಮಗುವನ್ನು ಎತ್ತಿಕೊಂಡು ಕೆಳಗೇ ನಿಂತಳು. ಇವಳು ಹಾಸಿಗೆ ಸುತ್ತಿಟ್ಟು, ನೆಲ ಗುಡಿಸಿ, ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. ಶುಕ್ರವಾರ ಖಚಿತಪಡಿಸಿಕೊಳ್ಳಲು ಇನ್ನೊಂದು ಎಕ್ಸ್‌ರೇ ಇದೆ ಎಂದೆ. ತಲೆಯಾಡಿಸಿ ಹೊರಟಳು.

ಮೇಲಿನಿಂದ ನೋಡುತ್ತಿದ್ದೆ. ಚೀಲ ಕೆಳಗೆ ಬಿಟ್ಟು ಎರಡೂ ಕೈ ಚಾಚಿದಳು. ಮಗು ಅವಳನ್ನು ಒಂದು ಕ್ಷಣ ನೋಡಿ, ಅಮ್ಮನ ಕತ್ತಿಗೆ ಮುಖ ಒತ್ತಿಕೊಂಡು ಕಿರುಚಿ ಅತ್ತಿತು. ಎಂಟು ವಾರದಲ್ಲಿ ಅಜ್ಜಿಯನ್ನು ಮರೆತಿತ್ತು. ಅವಳು ಚಾಚಿದ ಕೈಯನ್ನು ಹಾಗೇ ಹಿಡಿದು ನಿಂತಿದ್ದಳು. ನಂತರ ಚೀಲ ಎತ್ತಿಕೊಂಡು ಅವರ ಹಿಂದೆ ನಡೆದಳು.

ಒಂದೇ ಒಂದು ಕಾಗದ ಬರೆದು ಸಹಿ ಹಾಕಿದ್ದರೆ ಮಾರ್ಚಿನಲ್ಲೇ ಅವಳು ಆ ಮಗುವಿನ ಜೊತೆ ಇರುತ್ತಿದ್ದಳು. ಬರೆಯಬಾರದ್ದನ್ನು ಬರೆದೆ, ಬರೆಯಬೇಕಾದ್ದನ್ನು ಬರೆಯಲಿಲ್ಲ. ಸುಮ್ಮನಿದ್ದದ್ದು ಅವಳಿಗಾಗಿ ಅಲ್ಲ, ನನಗೆ ಮಾತಾಡಲು ಒಬ್ಬರು ಬೇಕಿತ್ತು. ಇವತ್ತು ಮಧ್ಯಾಹ್ನ ಕೂತು ಯೋಚಿಸಿದಾಗ ತಿಳಿದದ್ದು ಇಷ್ಟು.

ಮೇ 22, ಬುಧವಾರ

ದೊಡ್ಡ ಸಿಸ್ಟರ್‌ಗೆ ಎಲ್ಲವನ್ನೂ ಬರೆದು ಕೊಟ್ಟೆ. ಓದಿ ಕನ್ನಡಕ ತೆಗೆದರು. "ಇಷ್ಟು ದಿನ ಸುಮ್ಮನಿದ್ದವಳು ಈಗ ಯಾಕೆ?" ಎಂದರು. ಅವಳ ಫೈಲಿನಲ್ಲಿ 'ಸುಳ್ಳು ಹೇಳಿದ್ದಾಳೆ' ಎಂಬುದನ್ನು ತೆಗೆಸಬೇಕು ಎಂದೆ. ತೆಗೆಸಿದರು. ಮಾಸ್ಕ್ ಪರೀಕ್ಷೆ ಇನ್ನು ನನ್ನ ಕೈಯಲ್ಲಿಲ್ಲ. ವಿ‌ಚಾರಣೆ ಮುಗಿಯುವವರೆಗೆ ಮಾತ್ರೆ ಕೊಡುವ ಕೋಣೆಯಲ್ಲಿ ಕೂರಬೇಕು. ಊಟದ ಹೊತ್ತಿಗೆ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ನಾನು ಕೂತ ಮೇಜಿಗೆ ಯಾರೂ ಬರಲಿಲ್ಲ.

ಮೇ 26, ಭಾನುವಾರ

ತಮ್ಮ ಫೋನು ಮಾಡಿದ. ಎರಡು ನಿಮಿಷ.

ಮೇ 30, ಗುರುವಾರ

ಶುಕ್ರವಾರದ ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಇವತ್ತು ಅವಳ ಮೊದಲನೇ ವಾರದ ಮಾತ್ರೆ. ಅವಳ ಮನೆಯ ಹತ್ತಿರವೇ ಒಂದು ಚಿಕಿತ್ಸಾಲಯವಿದೆ, ಅಲ್ಲೇ ನುಂಗಬಹುದೆಂದು ಚೀಟಿ ಬರೆದು ಕಳಿಸಿದ್ದೆ. ಬರುವುದಿಲ್ಲವೆಂದೇ ಅಂದುಕೊಂಡಿದ್ದೆ. ಹತ್ತೂವರೆಗೆ ಬಾಗಿಲಲ್ಲಿ ನಿಂತಿದ್ದಳು.

ಕುರ್ಚಿ ತೋರಿಸಿದೆ, ಕೂತಳು. ಕಿಟಕಿ ತೆರೆದೇ ಇತ್ತು. ಮಾತ್ರೆಗಳನ್ನು ಎರಡು ಸಲ ಎಣಿಸಿ ಸಣ್ಣ ಬಟ್ಟಲಿಗೆ ಹಾಕಿ, ನೀರಿನ ಲೋಟ ಮುಂದಿಟ್ಟೆ. ಒಂದೊಂದಾಗಿ ನುಂಗಿದಳು. ಈ ಮಾತ್ರೆ ಬಹಳ ಕಹಿ, ಎಲ್ಲರೂ ಮುಖ ಕಿವುಚುತ್ತಾರೆ. ಅವಳ ಮುಖದಲ್ಲಿ ಏನೂ ಆಗಲಿಲ್ಲ. ಮಗು ಈಗ ಗುರುತು ಹಿಡಿಯುತ್ತದೆಯೇ ಎಂದು ಕೇಳಬೇಕೆನ್ನಿಸಿತು. ಆ ಪ್ರಶ್ನೆ ಕೇಳುವ ಹಕ್ಕು ನನಗಿಲ್ಲ.

ನುಂಗಿದಮೇಲೆ ಬಾಯಿ ತೆರೆದು ತೋರಿಸಬೇಕು, ಮಾತ್ರೆ ಕೆನ್ನೆಯಲ್ಲಿ ಉಳಿದಿಲ್ಲವೆಂದು ನಾನು ನೋಡಿ ಗುರುತು ಹಾಕಬೇಕು. ಅದು ನಿಯಮ. "ಬಾಯಿ ತೆಗಿ" ಎನ್ನಲು ಬಾಯಿ ಬರದೆ ಹಾಗೇ ಕೂತಿದ್ದೆ. ಅವಳೇ ನನ್ನ ಕಡೆ ತಿರುಗಿ ಬಾಯಿ ತೆರೆದಳು. ನಾಲಗೆ ಎತ್ತಿ ತೋರಿಸಿದಳು, ಎಡಕ್ಕೆ, ಬಲಕ್ಕೆ. ಏನೂ ಇರಲಿಲ್ಲ. ಪೂರ್ತಿ ನೋಡಿದಮೇಲೆ ಗುರುತು ಹಾಕಿದೆ. ಬಾಯಿ ಮುಚ್ಚಿಕೊಂಡಳು.

ಎದ್ದು ಬಾಗಿಲವರೆಗೆ ಹೋಗಿ ನಿಂತಳು.

"ಮುಂದಿನ ಗುರುವಾರ ಎಷ್ಟೊತ್ತಿಗೆ ಬರ್ಲಿ, ಸಿಸ್ಟರ್?"

"ಇದೇ ಹೊತ್ತಿಗೆ ಬಾ," ಎಂದೆ.

ಇನ್ನು ಹನ್ನೊಂದು ವಾರ ಇದೆ.